ಕಾಯಿಗೆ ಗುರಿ, ಕೋವಿಗೆ ಕಾವಲು

ಕೋವಿಯೆಂದೊಡನೆ ಪಟ್ಟಣದ ಸಂಸಾರಸ್ಥರಿಗೆ ನೆನಪಾಗುವುದು ಪೊಲೀಸ್ ಠಾಣೆ, ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರ, ಇಲ್ಲವೆ ಬೆಳ್ಳಿತೆರೆಯ ಖಳನಾಯಕ. ಆದರೆ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಗಂಧ ಹೂಗಳಿಂದ ಸಿಂಗರಿಸಿ, ದೀಪದ ಮುಂದಿರಿಸಿ ಕೈಮುಗಿಯುವ ನಾಡೊಂದು ಕರ್ನಾಟಕದಲ್ಲಿಯೇ ಉಂಟು. ಪೂಜೆ ಮುಗಿದ ತರುವಾಯ ಅದೇ ಕೋವಿಯನ್ನು ಹೆಗಲಿಗೇರಿಸಿ ಊರವರು ಬಯಲಿಗೆ ಹೊರಡುತ್ತಾರೆ. ಅಲ್ಲಿ ಅವರನ್ನು ಎದುರಿಸಲು ನಿಂತಿರುವ ವೈರಿ ಹುಲಿಯಲ್ಲ, ಹಂದಿಯಲ್ಲ. ಒಂದು ಬಡಪಾಯಿ ತೆಂಗಿನಕಾಯಿ!

ಆ ನಾಡು ಕೊಡಗು. ಆ ಹಬ್ಬ ಕೈಲ್ ಮುಹೂರ್ತ. ಕೊಡವ ನುಡಿಯಲ್ಲಿ ಅದು ಕೈಲ್ ಪೊಳ್ದ್. ಮಳೆಗಾಲದ ಕೆಸರಿನಲ್ಲಿ ಭತ್ತದ ನಾಟಿ ಮುಗಿದು, ದುಡಿದ ಮೈಗೆ ಕೊಂಚ ಬಿಡುವು ದೊರೆತಾಗ ಬರುವ ಹಬ್ಬವಿದು. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಇದರ ಆಚರಣೆ. ನಾಡಿನಿಂದ ನಾಡಿಗೆ ದಿನ ಬೇರೆಯಾಗುವುದೂ ಉಂಟು. ಬೇಸಾಯದ ದಿನಗಳಲ್ಲಿ ಮನೆಯ ಕನ್ನಿ ಕೊಂಬರೆಯಲ್ಲಿ, ಎಂದರೆ ದೇವರ ಕೋಣೆಯಲ್ಲಿ, ವಿಶ್ರಮಿಸುತ್ತಿದ್ದ ಆಯುಧಗಳು ಅಂದು ಹೊರಬರುತ್ತವೆ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳುಗಳನ್ನು ಚಾಚುವ ಅಗ್ನಿಶಿಖೆಯ ಹೂ ಆ ಕಾಲದಲ್ಲಿ ಕಾಡಿನಂಚಿನಲ್ಲಿ ಅರಳಿರುತ್ತದೆ. ಕೊಡವರು ಅದನ್ನು ಕರೆಯುವುದೇ ‘ತೋಕ್ ಪೂ’ ಎಂದು. ತೋಕ್ ಎಂದರೆ ಕೋವಿ. ಕೋವಿಗೆಂದೇ ಮೀಸಲಾದ ಹೂ ಅದು! ನಳಿಗೆಗೆ ಆ ಹೂ ಏರಿಸಿ ಪೂಜಿಸಿದ ಮೇಲೆ ಮನೆಯ ಹಿರಿಯರು ಕಿರಿಯರ ಕೈಗೆ ಕೋವಿಯನ್ನು ಒಪ್ಪಿಸುತ್ತಾರೆ. ಕಡಂಬುಟ್ಟು, ಹಂದಿಮಾಂಸದ ಊಟ ಮುಗಿದ ಬಳಿಕ ಊರ ಬಯಲಿನಲ್ಲಿ ಕಾಯಿಗೆ ಗುರಿಯಿಡುವ ಪಂದ್ಯ.

ಕೊಡವರ ಬಾಳಿನಲ್ಲಿ ಕೋವಿಯ ಸದ್ದು ಹುಟ್ಟಿನಿಂದ ಸಾವಿನವರೆಗೂ ಜೊತೆಗಿರುತ್ತದೆ. ಮನೆಯಲ್ಲಿ ಗಂಡುಮಗು ಜನಿಸಿದರೆ ಒಂದು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು ಹಳೆಯ ಪದ್ಧತಿ. ಸಾವಾದರೆ ಎರಡು ಗುಂಡು. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವ ಮುಹೂರ್ತಕ್ಕೂ ಗುಂಡಿನದೇ ಮಂಗಳವಾದ್ಯ. ಹೀಗಿರುವಾಗ ಹಬ್ಬದ ದಿನ ಗುರಿಯ ಪಂದ್ಯ ನಡೆಯುವುದರಲ್ಲಿ ಆಶ್ಚರ್ಯವೇನಿದೆ?

ಕಾನೂನಿನ ಕಣ್ಣಿನಲ್ಲಿ

ಭಾರತದಲ್ಲಿ ಸಾಮಾನ್ಯ ನಾಗರಿಕನೊಬ್ಬ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಕೊಡವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಈ ವಿಷಯದಲ್ಲಿ ವಿನಾಯಿತಿ ಉಂಟು. ಇದರ ಬೇರು 1861ರಲ್ಲಿದೆ. 1857ರ ದಂಗೆಯ ತರುವಾಯ ಜನರ ಕೈಯಿಂದ ಆಯುಧಗಳನ್ನು ಕಸಿಯುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗುಗಳ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ ಕೆಳಗೂ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು ಕೆಲವು ನಿಬಂಧನೆಗಳೊಡನೆ ಮುಂದುವರಿಸಿತು. 2019ರಲ್ಲಿ ಹೊರಟ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿದೆ.

ಒಂದು ಸಮುದಾಯಕ್ಕೆ ಇಂಥ ವಿಶೇಷ ಸವಲತ್ತು ಏಕೆಂದು ಪ್ರಶ್ನಿಸಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೂ ಒಂದು ಮಾತನ್ನು ಮರೆಯುವಂತಿಲ್ಲ: ಅವಧಿಯೊಂದಿಗೆ ಬಂದ ಹಕ್ಕು ಅವಧಿ ಮುಗಿದಾಗ ಮತ್ತೆ ಪರಿಶೀಲನೆಗೆ ಒಳಗಾಗುತ್ತದೆ. ಹಬ್ಬದ ಬಯಲಿನಲ್ಲಿ ಅಜಾಗರೂಕತೆಯಿಂದ ಹಾರಿದ ಒಂದು ಗುಂಡು ಯಾರಿಗಾದರೂ ತಗುಲಿದರೆ ಗಾಯವಾಗುವುದು ಒಬ್ಬನಿಗೆ. ಅದರ ಕಳಂಕ ಹೊರಬೇಕಾದವರು ಇಡೀ ಜನಾಂಗದವರು. ತೆಂಗಿನಕಾಯಿಯ ಪಂದ್ಯವನ್ನು ನಡೆಸುವವರ ಹೆಗಲ ಮೇಲಿರುವ ನಿಜವಾದ ಭಾರ ಇದೇ.

ಬೇಟೆಯ ಕಾಲ ಕಳೆದುಹೋಗಿರುವುದನ್ನೂ ಇಲ್ಲಿ ನೆನೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಾಡಿನ ಮೃಗಗಳ ಮೇಲೆ ಮನಬಂದಂತೆ ಕೋವಿ ಎತ್ತುವಂತಿಲ್ಲ. ಗುರಿಕಾರನಿಗೆ ತನ್ನ ಕೈಚಳಕವನ್ನು ಯಾರ ಪ್ರಾಣಕ್ಕೂ ಎರವಾಗದಂತೆ ತೋರಿಸಲು ಉಳಿದಿರುವುದು ಕಾಯಿಯ ಪಂದ್ಯ.

ಸಂಬಳವಿಲ್ಲದ ಸೇವಕರು

ಕೈಲ್ ಮುಹೂರ್ತಕ್ಕೆ ಮಾತ್ರವಲ್ಲ, ವರ್ಷದ ಬೇರೆ ದಿನಗಳಲ್ಲಿಯೂ ಕೊಡಗಿನ ಊರುಗಳಲ್ಲಿ ಇಂಥ ಸ್ಪರ್ಧೆಗಳು ನಡೆಯುತ್ತವೆ. ಯುವಕ ಸಂಘವೋ, ಕ್ರೀಡಾ ಸಂಘವೋ, ಒಂದು ಒಕ್ಕವೋ, ಎಂದರೆ ಒಂದೇ ಮನೆತನದ ಕುಟುಂಬಗಳ ಕೂಟವೋ, ಇದರ ಹೊಣೆ ಹೊರುತ್ತದೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಒಬ್ಬರು ಕಾಫಿ ಬೆಳೆಗಾರರು, ಇನ್ನೊಬ್ಬರು ಶಾಲೆಯ ಮೇಷ್ಟರು, ಮತ್ತೊಬ್ಬರು ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರು. ಹೀಗೆ ಊರಿಗೆ ಊರೇ ಸೇರಿ ಕ್ರೀಡೆ ನಡೆಸುವುದು ಕೊಡಗಿಗೆ ಹೊಸದಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭವಾದ ಕೊಡವ ಹಾಕಿ ಉತ್ಸವವನ್ನು ವರ್ಷಕ್ಕೊಂದು ಕುಟುಂಬ ವಹಿಸಿಕೊಂಡು ನಡೆಸುತ್ತ ಬಂದಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಕಣಕ್ಕಿಳಿದವು.

ಆದರೆ ಹಾಕಿಯ ಮೈದಾನಕ್ಕೂ ಗುಂಡಿನ ಬಯಲಿಗೂ ಅಜಗಜಾಂತರ. ದಿಕ್ಕು ತಪ್ಪಿದ ಚೆಂಡನ್ನು ಹುಡುಗನೊಬ್ಬ ಓಡಿಹೋಗಿ ತರಬಹುದು. ದಿಕ್ಕು ತಪ್ಪಿದ ಗುಂಡನ್ನು ತರುವವರಾರು? ಸ್ಪರ್ಧೆಗಳಲ್ಲಿ ಬಳಕೆಯಾಗುವ ಪಾಯಿಂಟ್ 22 ರೈಫಲಿನ ಗುಂಡು ನೋಡಲು ಹುರುಳಿಕಾಳಿನ ಅಣ್ಣನಂತಿರುತ್ತದೆ. ತೂಕ ಎರಡೂವರೆ ಗ್ರಾಮಿಗೆ ತುಸು ಹೆಚ್ಚು. ಆದರೆ ತಡೆಯಿಲ್ಲದೆ ಹಾರಿದರೆ ಸುಮಾರು ಒಂದೂವರೆ ಕಿಲೋಮೀಟರ್ ಸಾಗಬಲ್ಲುದು. ಆದುದರಿಂದ ಸಂಘಟಕರ ಮೊದಲ ಕೆಲಸ ಬಹುಮಾನದ ಬಟ್ಟಲು ಕೊಳ್ಳುವುದಲ್ಲ, ದಿಬ್ಬ ಹುಡುಕುವುದು. ಗುರಿಯ ಹಿಂದೆ ಗುಂಡನ್ನು ನುಂಗಿಕೊಳ್ಳುವಷ್ಟು ಎತ್ತರದ, ಮೃದುವಾದ ಮಣ್ಣಿನ ಗೋಡೆಯಿರಬೇಕು. ಅಲ್ಲಿ ಬಂಡೆಯಿದ್ದರೆ ಗುಂಡು ಪುಟಿದು ಎತ್ತ ಹೋಗುವುದೋ ಹೇಳಲಾಗದು. ದಿಬ್ಬದ ಆಚೆ ಕಾಲುದಾರಿಯುಂಟೆ, ಲೈನ್ ಮನೆಗಳುಂಟೆ, ದನ ಮೇಯುವ ಜಾಗವುಂಟೆ ಎಂದು ಸುತ್ತಿ ನೋಡಬೇಕು. ಪೊಲೀಸರಿಗೂ ನೆರೆಯ ತೋಟದವರಿಗೂ ಮುಂಚಿತವಾಗಿ ತಿಳಿಸಬೇಕು.

ಇದಾದ ಮೇಲೆ ದೂರ ಅಳೆಯುವುದು, ಗುಂಡು ಹೊಡೆಯುವವರು ನಿಲ್ಲುವ ಗೆರೆ ಎಳೆಯುವುದು, ನೋಡುವ ಜನರನ್ನು ಹಿಂದೆ ನಿಲ್ಲಿಸಲು ಹಗ್ಗ ಕಟ್ಟುವುದು. ರೈಫಲಿಗೆ ಬೇರೆ, ತೋಟಾ ಕೋವಿಗೆ ಬೇರೆ ವಿಭಾಗ. ಕೆಲವೆಡೆ ಏರ್‌ಗನ್ನಿನಿಂದ ಕೋಳಿಮೊಟ್ಟೆಗೆ ಗುರಿಯಿಡುವ ವಿಭಾಗವೂ ಉಂಟು. ಹೆಸರು ಬರೆದುಕೊಳ್ಳುವವರು, ಪ್ರವೇಶಧನ ಎಣಿಸುವವರು, ಕಾಯಿ ಕಟ್ಟುವವರು, ಕಾಫಿ ಹಂಚುವವರು, ಫಲಿತಾಂಶ ದಾಖಲಿಸುವವರು—ಎಲ್ಲರೂ ಬೇಕು. ವಿಚಿತ್ರವೆಂದರೆ ಇವರಲ್ಲಿ ಅನೇಕರು ಸ್ವತಃ ಒಳ್ಳೆಯ ಗುರಿಕಾರರು. ಹಬ್ಬದ ದಿನ ಕೋವಿ ಹಿಡಿಯುವ ಆಸೆ ಅವರಿಗೂ ಇಲ್ಲದಿಲ್ಲ. ಆದರೆ ಇತರರು ನಿಶ್ಚಿಂತರಾಗಿ ಗುಂಡು ಹೊಡೆಯಲೆಂದು ತಾವು ಬರಿಗೈಯಲ್ಲಿ ನಿಲ್ಲುತ್ತಾರೆ.

ಹನ್ನೆರಡು ಸೆಂಟಿಮೀಟರಿನ ಲೆಕ್ಕ

‘ತೆಂಗಿನಕಾಯಿಯಷ್ಟು ದೊಡ್ಡ ವಸ್ತುವಿಗೆ ಹೊಡೆಯುವುದೇನು ಮಹಾ?’ ಎಂದು ಕೇಳುವವರಿಗೆ ಗಣಿತ ಉತ್ತರ ಹೇಳುತ್ತದೆ. ಸಿಪ್ಪೆ ಸುಲಿದ ಸಾಧಾರಣ ಕಾಯಿಯ ಅಡ್ಡಳತೆ 10ರಿಂದ 12 ಸೆಂಟಿಮೀಟರ್. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿರುವ ಕಪ್ಪು ವೃತ್ತದ ಅಡ್ಡಳತೆ 112.4 ಮಿಲಿಮೀಟರ್. ಅಂದರೆ ಅದೂ ಹೆಚ್ಚು ಕಡಿಮೆ ಒಂದು ಕಾಯಿಯಷ್ಟೆ! ಕಾಯಿಯನ್ನು ಅಷ್ಟೇ ದೂರದಲ್ಲಿಟ್ಟರೆ ಹಳ್ಳಿಯ ಗುರಿಕಾರನ ಕಣ್ಣಿಗೆ ಕಾಣುವುದೂ ಒಲಿಂಪಿಕ್ ಸ್ಪರ್ಧಿಯ ಕಣ್ಣಿಗೆ ಕಾಣುವಷ್ಟೇ ದೊಡ್ಡ ಗುರಿ. ಒಲಿಂಪಿಕ್ ಸ್ಪರ್ಧಿಗಾದರೋ ಅದರ ನಡುವೆ 10.4 ಮಿಲಿಮೀಟರಿನ, ಕಡಲೆಕಾಳಿನಷ್ಟು ಕಿರಿದಾದ ಹತ್ತು ಅಂಕದ ವೃತ್ತವನ್ನು ಹುಡುಕುವ ಕಷ್ಟ. ಆ ಕಷ್ಟವನ್ನು ಗೆದ್ದು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ತಂದರು. ಹಳ್ಳಿಯ ಗುರಿಕಾರನಿಗೆ ವೃತ್ತಗಳ ಕಾಟವಿಲ್ಲ. ಆದರೆ ಒಲಿಂಪಿಕ್ ಸ್ಪರ್ಧಿಯ ದಪ್ಪ ಅಂಗಿ, ವಿಶೇಷ ಪಾದರಕ್ಷೆಗಳ ಆಸರೆಯೂ ಇಲ್ಲ.

ಪಾಯಿಂಟ್ 22ರ ಸಾಧಾರಣ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. 50 ಮೀಟರ್ ಮುಟ್ಟಲು ಅದಕ್ಕೆ ಸೆಕೆಂಡಿನ ಆರನೆಯ ಒಂದು ಪಾಲು ಸಾಕು. ಕಣ್ಣು ರೆಪ್ಪೆ ಹೊಡೆಯುವಷ್ಟೂ ಹೊತ್ತಿಲ್ಲ. ಆ ಅಲ್ಪ ಕಾಲದಲ್ಲಿಯೇ ಭೂಮಿಯ ಸೆಳೆತ ಗುಂಡನ್ನು ಸುಮಾರು 12 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ, ಸರಿಯಾಗಿ ಒಂದು ಕಾಯಿಯಷ್ಟು! ನಳಿಗೆಯನ್ನು ಕಾಯಿಯ ನಡುವಿಗೆ ನೇರವಾಗಿ ಹಿಡಿದವನ ಗುಂಡು ಕಾಯಿಯ ಕೆಳಗೆ ಮಣ್ಣು ಮುಕ್ಕುತ್ತದೆ. ಈ ಕುಸಿತವನ್ನು ಸರಿದೂಗಿಸುವಂತೆ ಗುರಿ ಹಿಡಿಯುವ ಗುರುತುಗಳನ್ನು ಮೊದಲೇ ಹೊಂದಿಸಿಕೊಂಡಿರಬೇಕು. ತನ್ನ ಕೋವಿ ಎಷ್ಟು ದೂರಕ್ಕೆ ಎಷ್ಟು ತಗ್ಗುತ್ತದೆಂಬುದನ್ನು ಬಲ್ಲವನೇ ಗುರಿಕಾರ. ಬರಿಯ ಕಣ್ಣಿನ ಚುರುಕು ಸಾಲದು.

ಇದಕ್ಕೆ ಗಾಳಿ ಬೇರೆ. ಸೆಪ್ಟೆಂಬರಿನ ಕೊಡಗಿನಲ್ಲಿ ಮಂಜು ಇಳಿಯುವುದೂ ಉಂಟು, ಸೋನೆ ಮಳೆ ಹನಿಯುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ವೈರಿ ಗುರಿಕಾರನ ದೇಹವೇ. ಉಸಿರೆಳೆದರೆ ನಳಿಗೆಯ ತುದಿ ಸರಿಯುತ್ತದೆ. ಎದೆ ಬಡಿದರೆ ಅದೂ ಬಡಿಯುತ್ತದೆ. ಉಸಿರನ್ನು ಅರ್ಧ ಬಿಟ್ಟು, ಕ್ಷಣಕಾಲ ನಿಲ್ಲಿಸಿ, ಕುದುರೆಯನ್ನು ಜಗ್ಗದೆ ಮೆಲ್ಲಗೆ ಹಿಂಡಬೇಕು. ಹಿಂದೆ ನಿಂತ ಅತ್ತಿಗೆ ನಾದಿನಿಯರ ನಗೆಗೆ ಕಿವಿಗೊಟ್ಟವನ ಗುಂಡು ಕಾಯಿಗೆ ತಗಲುವುದುಂಟೆ? ಅಂದಹಾಗೆ, ಈಗ ಆ ಅತ್ತಿಗೆ ನಾದಿನಿಯರೂ ನಗುವುದನ್ನು ಬಿಟ್ಟು ಗೆರೆಯ ಮೇಲೆ ಬಂದು ನಿಲ್ಲುತ್ತಿದ್ದಾರೆ. ಹೆಣ್ಣುಮಕ್ಕಳು ಕಾಯಿ ಒಡೆದು ಬಹುಮಾನ ಗಳಿಸುವುದು ಈಗ ಸುದ್ದಿಯಾಗಿ ಉಳಿದಿಲ್ಲ.

ಗೆರೆಯ ಮೇಲಿನ ಶಿಸ್ತು

ಕ್ರಮಬದ್ಧವಾಗಿ ನಡೆಯುವ ಪಂದ್ಯದಲ್ಲಿ ಗೆರೆಯ ಮೇಲೆ ಒಬ್ಬನದೇ ಮಾತು. ಅವನು ಗೆರೆಯ ಅಧಿಕಾರಿ. ಅವನ ಅಪ್ಪಣೆಯಿಲ್ಲದೆ ತೋಟಾ ತುಂಬುವಂತಿಲ್ಲ. ತುಂಬಿದ ಮೇಲೆ ನಳಿಗೆ ಗುರಿಯ ಕಡೆಗಲ್ಲದೆ ಬೇರೆಡೆಗೆ ತಿರುಗುವಂತಿಲ್ಲ. ಗುರಿ ಕೂಡುವವರೆಗೆ ಬೆರಳು ಕುದುರೆಯನ್ನು ಮುಟ್ಟುವಂತಿಲ್ಲ. ತೋಟಾ ಸಿಡಿಯದಿದ್ದರೆ ‘ಏನಾಯಿತು’ ಎಂದು ಕೋವಿಯನ್ನು ತಿರುಗಿಸಿ ನೋಡುವಂತಿಲ್ಲ. ತಡವಾಗಿ ಸಿಡಿಯುವ ತೋಟಾ ಉಂಟು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಕೆಲಹೊತ್ತು ಕಾಯಬೇಕು. ‘ನಿಲ್ಲಿಸಿ’ ಎಂಬ ಕೂಗನ್ನು ಮಾತ್ರ ಅಧಿಕಾರಿಯಷ್ಟೇ ಅಲ್ಲ, ಬಯಲಿನಲ್ಲಿರುವ ಯಾರು ಬೇಕಾದರೂ, ಚಿಕ್ಕ ಹುಡುಗ ಕೂಡ, ಕೂಗಬಹುದು. ಕೂಗಿದೊಡನೆ ಎಲ್ಲ ಕೋವಿಗಳೂ ಮೌನವಾಗಬೇಕು.

ಕಾಯಿ ನೋಡಲು ಹೋಗುವ ಕ್ಷಣವೇ ಅತ್ಯಂತ ಅಪಾಯದ್ದು. ಪಾಯಿಂಟ್ 22ರ ಗುಂಡು ಕಾಯಿಯಲ್ಲಿ ಬೆರಳು ತೂರದಷ್ಟು ಚಿಕ್ಕ ತೂತು ಮಾಡುತ್ತದೆ. ದೂರದಿಂದ ಅದು ಕಾಣದು. ತೊಟ್ಟಿಕ್ಕುವ ಎಳೆನೀರೇ ಕೆಲವೊಮ್ಮೆ ಸಾಕ್ಷಿ. ‘ತಾಗಿತು’ ಎಂದು ಒಬ್ಬನ ವಾದ, ‘ತಾಗಲಿಲ್ಲ’ ಎಂದು ಮತ್ತೊಬ್ಬನ ವಾದ. ಸಂದೇಹ ಪರಿಹರಿಸಲು ಯಾರಾದರೂ ಗೆರೆ ದಾಟಲೇಬೇಕು. ಅದಕ್ಕೆ ಮುನ್ನ ಎಲ್ಲ ಕೋವಿಗಳ ತೋಟಾ ತೆಗೆದು, ಬಾಯಿ ತೆರೆದು, ನೆಲಕ್ಕಿರಿಸಿ, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದಿರಬೇಕು. ಗೆರೆಯ ಅಧಿಕಾರಿ ಒಂದೊಂದು ಕೋವಿಯನ್ನೂ ಕಣ್ಣಾರೆ ನೋಡಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ಕೆಂಪು ಬಾವುಟ ಇಳಿದ ಮೇಲೆಯೇ ತೀರ್ಪುಗಾರ ಮುಂದಡಿಯಿಡಬೇಕು. ಈ ನಿಯಮಕ್ಕೆ ಹಿರಿಯ ಕಿರಿಯರೆಂಬ ಭೇದವಿಲ್ಲ. ಊರಿನ ಪಟೇಲರಾದರೂ, ನಿವೃತ್ತ ಕರ್ನಲ್ ಆದರೂ, ನಿಯಮ ಮುರಿದರೆ ಇಪ್ಪತ್ತು ವರ್ಷದ ಸ್ವಯಂಸೇವಕ ‘ಕೋವಿ ಕೆಳಗಿಡಿ ಮಾವ’ ಎನ್ನಲೇಬೇಕು, ಮಾವನೂ ಇಡಲೇಬೇಕು. ಹಿರಿಯರಿಗೆ ಬಾಗಿ ಕಾಲು ಮುಟ್ಟಿ ನಮಸ್ಕರಿಸುವ ಸಮಾಜದಲ್ಲಿ ಈ ಮಾತು ಆಡುವುದು ಸುಲಭವಲ್ಲ. ಅದನ್ನು ಆಡಬಲ್ಲ ಹುಡುಗನೂ, ಮುನಿಯದೆ ಕೇಳಬಲ್ಲ ಹಿರಿಯನೂ ಇರುವ ಊರಿನಲ್ಲಿ ಮಾತ್ರ ಪಂದ್ಯ ನಿರ್ಭಯವಾಗಿ ನಡೆಯುತ್ತದೆ.

ಸಂಜೆ ಬಹುಮಾನ ಹಂಚಿಕೆಯಾಗುತ್ತದೆ. ಗೆದ್ದವನ ಹೆಸರಿಗೆ ಚಪ್ಪಾಳೆ. ವಾಲಗ ಮೊಳಗಿದರೆ ಕುಣಿತ. ಗೆರೆಯ ಬಳಿ ಇಡೀ ದಿನ ನಿಂತು ಗಂಟಲು ಕಟ್ಟಿಸಿಕೊಂಡವನಿಗೆ, ದಿಬ್ಬದ ಆಚೆಯ ಕಾಲುದಾರಿಯಲ್ಲಿ ಮಳೆಯಲ್ಲಿ ನೆನೆಯುತ್ತ ದಾರಿಹೋಕರನ್ನು ತಡೆದವನಿಗೆ ಬಟ್ಟಲೂ ಇಲ್ಲ, ಪದಕವೂ ಇಲ್ಲ. ಅವರ ಸಾಧನೆಯನ್ನು ಯಾವ ಪತ್ರಿಕೆಯೂ ವರದಿ ಮಾಡದು. ಏಕೆಂದರೆ ಏನೂ ಆಗದಂತೆ ನೋಡಿಕೊಂಡದ್ದೇ ಅವರ ಸಾಧನೆ. ಪಂದ್ಯಕ್ಕೆ ಬಂದ ಅಷ್ಟೂ ಜನ ಬಂದಂತೆಯೇ ಮನೆಗೆ ಮರಳಿದರು ಎಂಬುದು ಸುದ್ದಿಯೇ ಅಲ್ಲವಲ್ಲ!

ನೂರಾರು ಕೋವಿಗಳಿರುವ ನಾಡಿನಲ್ಲಿ ಹಬ್ಬ ನಿರ್ಭಯವಾಗಿ ಮುಗಿಯುವುದು ಆಕಸ್ಮಿಕವಲ್ಲ. ಗುಂಡು ಹೊಡೆಯುವ ಕಲೆಯನ್ನು ತಂದೆ ಮಗನಿಗೆ ಕಲಿಸಿದಂತೆ, ಗುಂಡು ಹೊಡೆಯದೆ ತಡೆಯುವ ಕಲೆಯನ್ನೂ ಕಲಿಸುತ್ತ ಬಂದಿದ್ದಾನೆ. 2029ರಲ್ಲಿ ವಿನಾಯಿತಿಯ ಕಡತವನ್ನು ಮತ್ತೆ ಯಾರಾದರೂ ಬಿಚ್ಚಿದಾಗ, ಅದರ ಪರವಾಗಿ ನುಡಿಯುವ ಸಾಕ್ಷಿಗಳಲ್ಲಿ ಇತಿಹಾಸ ಒಂದು, ಸಂಪ್ರದಾಯ ಒಂದು. ಮೂರನೆಯ ಸಾಕ್ಷಿಯನ್ನು ಮಾತ್ರ ಕೊಡಗಿನ ಊರೂರಿನ ಸ್ವಯಂಸೇವಕರು ವರ್ಷವರ್ಷವೂ, ಗುಂಡು ಗುಂಡಿಗೂ, ಬರಿಗೈಯಲ್ಲಿ ನಿಂತು ಗಳಿಸಬೇಕಾಗಿದೆ.