ಗಣಕಯಂತ್ರದ ಅಜೀರ್ಣ: ಲಿನಕ್ಸ್‌ನಲ್ಲಿ ತಂತ್ರಾಂಶ ಸ್ಥಾಪನೆಯ ತೊಡಕುಗಳು ಮತ್ತು ಪರಿಹಾರ

ನಮ್ಮ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮುಂತಾದ ವ್ಯಾಧಿಗಳನ್ನು ಕುರಿತು ವೈದ್ಯ ಮಹನೀಯರು ಬರೆಯುವ ಲೇಖನಗಳನ್ನು ವಾಚಕರು ಆದರದಿಂದ ಓದುತ್ತ ಬಂದಿದ್ದಾರೆ. ಈ ಲೇಖಕನು ವೈದ್ಯನಲ್ಲ. ಉದ್ಯೋಗದಿಂದ ನಿವೃತ್ತನಾಗಿ ಚೆನ್ನೈಯಲ್ಲಿ ನೆಲೆಸಿರುವ ಸಾಮಾನ್ಯ ಗೃಹಸ್ಥ. ಆದರೂ ನಮ್ಮ ಮನೆಗಳಲ್ಲಿ ಈಗ ಗಣಕಯಂತ್ರವೂ ಒಬ್ಬ ಸದಸ್ಯನಂತೆಯೇ ಇರುವುದರಿಂದ, ಅದಕ್ಕೆ ಬರುವ ಒಂದು ಸಾಮಾನ್ಯ ಕಾಯಿಲೆಯ ಬಗೆಗೆ ಸ್ವಾನುಭವದಿಂದ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಲು ಹೊರಟಾಗ, ಯಂತ್ರವು ಅದನ್ನು ಅರಗಿಸಿಕೊಳ್ಳಲಾರದೆ ದೋಷಸಂದೇಶಗಳನ್ನು ಕಾರುವುದೇ ಆ ಕಾಯಿಲೆ.

ಒಂದು ಅನುಭವ

ನನ್ನ ತಾಯಿಯವರಿಗೆ ಆಗ ಎಂಬತ್ತಾರು ವರ್ಷ. ತೀರ್ಥಹಳ್ಳಿಯ ಕಡೆಯ ತಮ್ಮ ಬಾಲ್ಯ, ಮದುವೆಯಾಗಿ ಮದರಾಸಿಗೆ ಬಂದ ಹೊಸತರಲ್ಲಿ ತಮಿಳು ಬಾರದೆ ಪಟ್ಟ ಪಾಡು, ಅತ್ತೆಯವರಿಂದ ಕಲಿತ ಮನೆಮದ್ದುಗಳು, ಇವೆಲ್ಲವನ್ನೂ ಅವರು ದಿನಕ್ಕೆ ಅರ್ಧ ಗಂಟೆಯಂತೆ ಹೇಳುತ್ತಿದ್ದರು. ನಾನು ಗಣಕಯಂತ್ರದಲ್ಲಿ ಬೆರಳಚ್ಚಿಸುತ್ತಿದ್ದೆ. ಎರಡು ವರ್ಷಗಳಲ್ಲಿ ನೂರ ನಲವತ್ತು ಪುಟಗಳಾಗಿದ್ದವು. ಅದರ ಇನ್ನೊಂದು ಪ್ರತಿಯನ್ನು ಎಲ್ಲಿಯೂ ಇಟ್ಟಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

2023ರ ಡಿಸೆಂಬರ್ ತಿಂಗಳ ಮಿಚಾಂಗ್ ಚಂಡಮಾರುತವನ್ನು ಚೆನ್ನೈ ನಿವಾಸಿಗಳು ಮರೆತಿರಲಾರರು. ಆ ಮಳೆಯ ರಾತ್ರಿ ನಮ್ಮ ಯಂತ್ರವು ತನ್ನ ತಂತ್ರಾಂಶಗಳನ್ನು ನವೀಕರಿಸಿಕೊಳ್ಳುತ್ತಿದ್ದಾಗಲೇ ವಿದ್ಯುತ್ತು ನಿಂತುಹೋಯಿತು. ಮೂರು ದಿನಗಳ ತರುವಾಯ ಬೆಳಕು ಬಂದಾಗ ಯಂತ್ರವೇನೋ ಎದ್ದಿತು. ಆದರೆ ಕೀಲಿಮಣೆಯಲ್ಲಿ ಕನ್ನಡ ಮೂಡಲಿಲ್ಲ. ಕನ್ನಡದ ಪೊಟ್ಟಣವನ್ನು ಪುನಃ ಸ್ಥಾಪಿಸಲು ಯತ್ನಿಸಿದರೆ ಇಂಗ್ಲಿಷಿನಲ್ಲಿ ಸಂದೇಶವೊಂದು ಕಾಣಿಸಿಕೊಂಡು ಕೆಲಸ ನಿಂತಿತು. ಬಂದು ನೋಡಿದ ತಂತ್ರಜ್ಞ ಯುವಕನು, "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣ, ಸಾರ್" ಎಂದನು. ನಾನು ಒಂದು ದಿನದ ಅವಕಾಶ ಕೇಳಿದೆ. ಆ ಒಂದು ದಿನದಲ್ಲಿ ಕಲಿತದ್ದೇ ಈ ಲೇಖನದ ವಸ್ತು.

ಪೊಟ್ಟಣದ ಅಂಗರಚನೆ

ಲಿನಕ್ಸ್‌ನ ತಿರುಳನ್ನು ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ರಚಿಸಿದನು. ಆ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ ಉಚಿತವಾಗಿ ಹಂಚುವ ಸಂಸ್ಥೆಗಳಲ್ಲಿ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಪ್ರಮುಖವಾದುದು. ಹೆಸರುವಾಸಿಯಾದ ಉಬುಂಟು ಇದರ ಸಂತತಿ. ನಮ್ಮ ಚೆನ್ನೈಗೂ ಈ ವಂಶದೊಡನೆ ನಂಟುಂಟು: ಸಿಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದ ಶ್ರಮದಿಂದ 2007ರಲ್ಲಿ ಹೊರಬಂದ, ಭಾರತೀಯ ಭಾಷೆಗಳಿಗೆ ಅನುಕೂಲವಾದ 'ಬಾಸ್' ಎಂಬ ಲಿನಕ್ಸ್ ಕೂಡ ಡೆಬಿಯನ್ನನ್ನೇ ಆಧರಿಸಿದುದು. ಆದುದರಿಂದ ಮುಂದೆ ಹೇಳುವ ಚಿಕಿತ್ಸಾಕ್ರಮವು ಈ ಮೂರಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಇಲ್ಲಿ ತಂತ್ರಾಂಶವು 'ಪೊಟ್ಟಣ'ದ ರೂಪದಲ್ಲಿ ದೊರೆಯುತ್ತದೆ. ಪೊಟ್ಟಣದೊಳಗೆ ಕಡತಗಳಲ್ಲದೆ ಒಂದು ಚೀಟಿಯೂ ಇರುತ್ತದೆ. ತನ್ನ ಹೆಸರೇನು, ಎಷ್ಟನೆಯ ಆವೃತ್ತಿ, ತಾನು ಕೆಲಸ ಮಾಡಬೇಕಾದರೆ ಬೇರೆ ಯಾವ ಪೊಟ್ಟಣಗಳು ಇರಬೇಕು ಎಂಬ ವಿವರಗಳು ಆ ಚೀಟಿಯಲ್ಲಿರುತ್ತವೆ. ಈ ಪರಸ್ಪರ ಅಗತ್ಯವನ್ನು 'ಅವಲಂಬನೆ' ಎನ್ನೋಣ. ಉದಾಹರಣೆಗೆ, ನುಡಿಯ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯಲು ಐಬಸ್ ಎಂಬ ಲಿಪಿಪ್ರವೇಶ ವ್ಯವಸ್ಥೆ, ಅದರ ಎಂ17ಎನ್ ಎಂಬ ಉಪಾಂಗ, ಜೊತೆಗೆ ಗುಬ್ಬಿ, ನವಿಲು, ಲೋಹಿತ್ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಒಂದಾದರೂ ಬೇಕು.

ಈ ಕೆಲಸವನ್ನು ಇಬ್ಬರು ಪರಿಚಾರಕರು ನಡೆಸುತ್ತಾರೆ. 'ಆಪ್ಟ್' ಎಂಬಾತನು ಉಗ್ರಾಣದ ಪಟ್ಟಿಯನ್ನು ನೋಡಿ, ಯಾವ ಪೊಟ್ಟಣಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕಿ, ಅಂತರ್ಜಾಲದ ಮೂಲಕ ತರಿಸುತ್ತಾನೆ. 'ಡಿಪಿಕೆಜಿ' ಎಂಬ ನಾಲ್ಕಕ್ಷರದ ಹೆಸರಿನವನು ಪೊಟ್ಟಣವನ್ನು ಬಿಚ್ಚಿ, ಕಡತಗಳನ್ನು ಸ್ವಸ್ಥಾನದಲ್ಲಿ ಇಟ್ಟು, ಅನಂತರ ಅವನ್ನು ಅಣಿಗೊಳಿಸುತ್ತಾನೆ. ಬಿಚ್ಚುವುದು ಬೇರೆ, ಅಣಿಗೊಳಿಸುವುದು ಬೇರೆ. ಈ ಎರಡು ಘಟ್ಟಗಳ ನಡುವೆ ವಿದ್ಯುತ್ತು ಹೋದರೆ ಪೊಟ್ಟಣವು ಅರೆಜೀರ್ಣವಾಗಿ ಉಳಿಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ.

ನಿದಾನ: ಸಂದೇಶವನ್ನು ಓದುವುದು

ಜ್ವರ ಬಂದವನ ಮಾತನ್ನು ಕೇಳದೆ ಔಷಧಿ ಬರೆಯುವ ವೈದ್ಯನಿಲ್ಲ. ಆದರೆ ಯಂತ್ರವು ತನಗೇನಾಗಿದೆಯೆಂದು ಬರೆದು ತೋರಿಸಿದರೂ ನಾವು ಅದನ್ನು ಓದುವುದಿಲ್ಲ. ಕೆಂಪಕ್ಷರ ಕಂಡೊಡನೆ ಗಾಬರಿಗೊಳ್ಳುತ್ತೇವೆ. ಓದುವವರೂ ಕೊನೆಯ ಸಾಲನ್ನಷ್ಟೇ ನೋಡುತ್ತಾರೆ. ಕೊನೆಯ ಸಾಲು ಸಾಮಾನ್ಯವಾಗಿ 'ಕೆಲಸ ವಿಫಲವಾಯಿತು' ಎಂಬ ಪರಿಣಾಮವನ್ನು ಹೇಳುತ್ತದೆ. ಕಾರಣವು ಮೇಲಿನ ಮೊದಲ ದೋಷದ ಸಾಲಿನಲ್ಲಿ ಅಡಗಿರುತ್ತದೆ. ಆದುದರಿಂದ ಮೇಲಿನಿಂದ ಕೆಳಕ್ಕೆ ಓದಬೇಕು, ಸಂದೇಶವನ್ನು ಕಾಗದದಲ್ಲಿ ಬರೆದುಕೊಳ್ಳಬೇಕು.

ಚಿಕಿತ್ಸೆಗೆ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಯಂತ್ರವು ಏಳುವ ಸ್ಥಿತಿಯಲ್ಲಿದ್ದರೆ, ಮೊದಲು ನಮ್ಮ ಬರಹ, ಛಾಯಾಚಿತ್ರ ಮುಂತಾದವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ತಂತ್ರಾಂಶವು ಹಾಳಾದರೆ ಪುನಃ ತರಿಸಬಹುದು. ಬರೆದಿಟ್ಟದ್ದನ್ನು ಯಾವ ಉಗ್ರಾಣವೂ ಕೊಡಲಾರದು.

ಸಾಮಾನ್ಯ ತೊಡಕುಗಳು ಮತ್ತು ಚಿಕಿತ್ಸೆ

ಕೆಳಗಿನ ಆದೇಶಗಳನ್ನು ಉಚ್ಚಾರಣೆಗನುಸಾರವಾಗಿ ಕನ್ನಡದಲ್ಲಿ ಬರೆದಿದೆ. ಯಂತ್ರದ 'ಟರ್ಮಿನಲ್' ಎಂಬ ಕಿಟಕಿಯಲ್ಲಿ ಇವನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಬೆರಳಚ್ಚಿಸಬೇಕು. 'ಸುಡೊ' ಎಂಬ ಮೊದಲ ಪದವು ಯಜಮಾನನ ಅಧಿಕಾರವನ್ನು ಕೋರುವಂಥದು.

1. ಅರ್ಧಕ್ಕೆ ನಿಂತ ಸ್ಥಾಪನೆ: ಡಿಪಿಕೆಜಿಯ ಕೆಲಸಕ್ಕೆ ಅಡ್ಡಿಯಾಗಿದೆಯೆಂಬ ಸಂದೇಶ ಬರುತ್ತದೆ. 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಎಂದರೆ, ಬಿಚ್ಚಿಟ್ಟ ಎಲ್ಲ ಪೊಟ್ಟಣಗಳನ್ನೂ ಅಣಿಗೊಳಿಸೆಂದು ಅರ್ಥ. ತರುವಾಯವೂ ಅವಲಂಬನೆಯ ಕೊರತೆ ಉಳಿದಿದ್ದರೆ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಎಂಬುದನ್ನು ಪ್ರಯೋಗಿಸಬೇಕು.

2. ಬೀಗದ ತೊಡಕು: ಬೇರೊಬ್ಬರು ಕೆಲಸ ಮಾಡುತ್ತಿರುವುದರಿಂದ ಬೀಗ ದೊರೆಯಲಿಲ್ಲವೆಂದು ಯಂತ್ರ ಹೇಳುತ್ತದೆ. ಯಂತ್ರವನ್ನು ಆಗತಾನೆ ಚಾಲೂ ಮಾಡಿದಾಗ ನವೀಕರಣವು ತಾನಾಗಿಯೇ ಹಿನ್ನೆಲೆಯಲ್ಲಿ ನಡೆಯುತ್ತಿರುವುದುಂಟು. ಹತ್ತು ಹದಿನೈದು ನಿಮಿಷ ಕಾಯುವುದೇ ಇದಕ್ಕೆ ಮದ್ದು. ಬೀಗದ ಕಡತವನ್ನೇ ಅಳಿಸಿಹಾಕುವ ಸಲಹೆಯನ್ನು ಹಲವರು ಕೊಡುತ್ತಾರೆ. ಒಳಗೆ ಕೆಲಸ ನಡೆಯುತ್ತಿರುವಾಗ ಹಾಗೆ ಮಾಡಿದರೆ ದಾಖಲೆಯೇ ಕೆಡುವ ಅಪಾಯವಿದೆ.

3. 404 ಎಂಬ ಸಂಖ್ಯೆ: ಕೇಳಿದ ಪೊಟ್ಟಣವು ಉಗ್ರಾಣದ ಆ ಸ್ಥಳದಲ್ಲಿಲ್ಲವೆಂದರ್ಥ. ನಮ್ಮಲ್ಲಿರುವ ಪಟ್ಟಿ ಹಳೆಯದಾಗಿದೆ. 'ಸುಡೊ ಆಪ್ಟ್ ಅಪ್‌ಡೇಟ್' ಎಂದು ಪಟ್ಟಿಯನ್ನು ಹೊಸದಾಗಿ ತರಿಸಿದರೆ ಸಾಕು. ಆಗಲೂ ಸರಿಹೋಗದಿದ್ದರೆ ನಮ್ಮ ಆವೃತ್ತಿಯ ಆಯುಷ್ಯವೇ ಮುಗಿದಿರಬಹುದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯವಾಗಿ 5 ವರ್ಷ, ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ ಆರೈಕೆ ದೊರೆಯುತ್ತದೆ. ಗೃಹಬಳಕೆಗೆ ದೀರ್ಘಾವಧಿಯದೇ ಲೇಸು.

4. ಸ್ಥಳಾಭಾವ: ತುಂಬಿದ ಹೊಟ್ಟೆಗೆ ಮತ್ತೆ ಬಡಿಸಿದಂತೆ. 'ಡಿಎಫ್ -ಎಚ್' ಎಂಬ ಆದೇಶವು ಎಲ್ಲಿ ಎಷ್ಟು ಜಾಗವಿದೆಯೆಂದು ತೋರಿಸುತ್ತದೆ. 'ಸುಡೊ ಆಪ್ಟ್ ಕ್ಲೀನ್' ಎಂಬುದು ಸ್ಥಾಪನೆ ಮುಗಿದ ಪೊಟ್ಟಣಗಳ ಪ್ರತಿಗಳನ್ನು ತೆಗೆದುಹಾಕುತ್ತದೆ. ಇದರಿಂದ ನಮ್ಮ ಬರಹಗಳಿಗೆ ಬಾಧೆಯಿಲ್ಲ.

5. ತಪ್ಪು ಗಡಿಯಾರ: ಹಳೆಯ ಯಂತ್ರಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಉಗ್ರಾಣದ ಪಟ್ಟಿಯು 'ಇನ್ನೂ ಊರ್ಜಿತವಾಗಿಲ್ಲ' ಎಂದು ಯಂತ್ರವು ಅದನ್ನು ತಿರಸ್ಕರಿಸುತ್ತದೆ. ದಿನಾಂಕವನ್ನು ಸರಿಪಡಿಸಿ, ಬ್ಯಾಟರಿಯನ್ನು ಬದಲಾಯಿಸಬೇಕು.

6. ಪರಕೀಯ ಉಗ್ರಾಣಗಳು: ಯಾರೋ ಹೇಳಿದರೆಂದು ಹೊರಗಿನ ಉಗ್ರಾಣಗಳನ್ನು ಸೇರಿಸಿಕೊಂಡಾಗ, ಒಂದೇ ಪೊಟ್ಟಣದ ಬೇರೆ ಬೇರೆ ಆವೃತ್ತಿಗಳು ಪರಸ್ಪರ ವಿರೋಧಿಸಿ ಸ್ಥಾಪನೆಯು ಕಗ್ಗಂಟಾಗುತ್ತದೆ. ಇಬ್ಬರು ವೈದ್ಯರ ಔಷಧಿಗಳನ್ನು ಒಬ್ಬರಿಗೊಬ್ಬರಿಗೆ ತಿಳಿಸದೆ ಒಟ್ಟಿಗೆ ನುಂಗಿದಂತೆ ಇದು. ಇತ್ತೀಚೆಗೆ ಸೇರಿಸಿದ ಉಗ್ರಾಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಪಟ್ಟಿಯನ್ನು ನವೀಕರಿಸಿ ನೋಡಬೇಕು. ಉಗ್ರಾಣದ ಸಹಿಯನ್ನು ಪರೀಕ್ಷಿಸಲಾಗಲಿಲ್ಲವೆಂಬ ಎಚ್ಚರಿಕೆ ಬಂದರೆ ಅದನ್ನು ಬದಿಗೊತ್ತಿ ಮುಂದುವರಿಯಲಾಗದು. ಮೊಹರು ಒಡೆದ ಔಷಧಿಯ ಸೀಸೆಯನ್ನು ನಾವು ಮನೆಗೆ ತರುವುದಿಲ್ಲವಷ್ಟೆ.

ಅವಸರದ ಅಪಾಯ

ಅನುಭವಿಗಳೂ ಎಡವುತ್ತಾರೆಂಬುದಕ್ಕೆ ಒಂದು ನಿದರ್ಶನ. ಕೆನಡಾದ ಲೈನಸ್ ಸೆಬಾಸ್ಟಿಯನ್ ಎಂಬ ಪ್ರಸಿದ್ಧ ತಂತ್ರಜ್ಞಾನ ನಿರೂಪಕರು 2021ರಲ್ಲಿ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಸ್ಥಾಪಿಸಲು ಹೊರಟರು. ಪೊಟ್ಟಣಗಳ ಅವಲಂಬನೆಯಲ್ಲಿ ಆಗ ದೋಷವಿತ್ತು. ಅದನ್ನು ಸ್ಥಾಪಿಸಬೇಕಾದರೆ ಪರದೆಯ ಮುಖ್ಯ ಭಾಗಗಳನ್ನೇ ತೆಗೆದುಹಾಕಬೇಕಾಗುತ್ತದೆಂದು ಯಂತ್ರವು ಎಚ್ಚರಿಸಿ, 'ಹೌದು, ನಾನು ಹೇಳಿದಂತೆ ಮಾಡು' ಎಂಬ ಇಡೀ ವಾಕ್ಯವನ್ನು ಬೆರಳಚ್ಚಿಸಿದರೆ ಮಾತ್ರ ಮುಂದುವರಿಯುವೆನೆಂದಿತು. ಅವರು ಹಾಗೆಯೇ ಬೆರಳಚ್ಚಿಸಿದರು. ಚಿತ್ರಮಯ ಪರದೆಯೇ ಮಾಯವಾಯಿತು. ಒಪ್ಪಿಗೆ ಕೊಡುವ ಮುನ್ನ 'ತೆಗೆದುಹಾಕಲ್ಪಡುವ ಪೊಟ್ಟಣಗಳು' ಎಂಬ ಪಟ್ಟಿಯನ್ನು ಓದಲೇಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಆ ಪಟ್ಟಿ ಅನಿರೀಕ್ಷಿತವಾಗಿ ಉದ್ದವಾಗಿದ್ದರೆ 'ಬೇಡ' ಎಂದು ಉತ್ತರಿಸಿ ಹಿಂದೆ ಸರಿಯುವುದೇ ಕ್ಷೇಮ.

ಪಥ್ಯ

ರೋಗ ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ತಂತ್ರಾಂಶವನ್ನು ಸಾಧ್ಯವಾದಷ್ಟೂ ನಮ್ಮ ವ್ಯವಸ್ಥೆಯ ಸ್ವಂತ ಉಗ್ರಾಣದಿಂದಲೇ ಪಡೆಯಬೇಕು. ವಾರಕ್ಕೊಮ್ಮೆ ನವೀಕರಿಸಬೇಕು, ಮಳೆಗಾಳಿಯ ರಾತ್ರಿಯಲ್ಲಿ ಅಲ್ಲ. ಸಾಧ್ಯವಿದ್ದವರು ಯುಪಿಎಸ್ ಎಂಬ ವಿದ್ಯುತ್ ಆಸರೆಯನ್ನು ಇಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಔಷಧಿಯನ್ನು ಪ್ರಯೋಗಿಸಿ ಫಲವನ್ನು ನೋಡಬೇಕು. ಕೊಟ್ಟ ಆದೇಶಗಳನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟರೆ, ಇನ್ನೊಬ್ಬರ ನೆರವು ಬೇಕಾದಾಗ ರೋಗಿಯ ಇತಿಹಾಸವು ಸಿದ್ಧವಾಗಿರುತ್ತದೆ. ತಿಂಗಳಿಗೊಮ್ಮೆಯಾದರೂ ಮುಖ್ಯ ಕಡತಗಳ ನಕಲನ್ನು ಬೇರೆಡೆ ಇಡಬೇಕು.

ಉಪಸಂಹಾರ

ಪುನಃ ನನ್ನ ಅನುಭವಕ್ಕೆ ಬರುತ್ತೇನೆ. ಆ ದಿನ ಮೊದಲು ತಾಯಿಯವರ ಪುಟಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಅನಂತರ ಯಂತ್ರದ ಸಂದೇಶವನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆ. ಮೇಲೆ ಮೊದಲನೆಯದಾಗಿ ಹೇಳಿದ ಆದೇಶವನ್ನು ಕೊಡಬೇಕೆಂದು ಆ ಸಂದೇಶದಲ್ಲಿಯೇ ಬರೆದಿತ್ತು! ಅದನ್ನು ಹಾಗೆಯೇ ಕೊಟ್ಟೆ. ಸಾಲುಗಳು ಒಂದರ ಹಿಂದೊಂದು ಓಡಿದವು. ಎರಡನೆಯ ಆದೇಶವು ಉಳಿದೊಂದು ಪೊಟ್ಟಣವನ್ನು ತರಿಸಿಕೊಂಡಿತು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಕನ್ನಡ ಮೂಡಿತು. ಹಿಡಿದ ಕಾಲ ಇಪ್ಪತ್ತು ನಿಮಿಷ. ಖರ್ಚು ಏನೂ ಇಲ್ಲ. ತಂತ್ರಜ್ಞ ಯುವಕನು ಕೆಟ್ಟವನಲ್ಲ. ಅಳಿಸಿ ಹಾಕುವುದು ಅವನಿಗೆ ಸುಲಭವಾದ ದಾರಿಯಾಗಿತ್ತು. ಯಂತ್ರದೊಳಗೆ ಏನಿದೆಯೆಂಬುದು ಅವನಿಗೆ ತಿಳಿದಿರಲಿಲ್ಲ.

ಅಂದು ಸಂಜೆ ತಾಯಿಯವರು ಎಂದಿನಂತೆ ಬಂದು ಕುಳಿತು, "ಎಲ್ಲಿಗೆ ನಿಲ್ಲಿಸಿದ್ದೆವು?" ಎಂದು ಕೇಳಿದರು. ಮುಂದಿನ ಬೇಸಗೆಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಇನ್ನೂ ಮೂವತ್ತು ಪುಟಗಳು ಸೇರಿದ್ದವು. ಅವೆಲ್ಲವೂ ಈಗ ಮೂರು ಕಡೆ ಜೋಪಾನವಾಗಿವೆ, ಮೊಮ್ಮಕ್ಕಳು ಓದುತ್ತಿದ್ದಾರೆ. ಪರಸ್ಥಳದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಹಿರಿಯರ ಕನ್ನಡವು ಇಂದು ಇಂಥ ಯಂತ್ರಗಳೊಳಗೇ ಉಳಿದಿರುವುದರಿಂದ, ವಾಚಕರು ಈ ಲೇಖನವನ್ನು ಓದಿ ಮುಗಿಸಿದೊಡನೆ ತಮ್ಮ ಮನೆಯ ಕಡತಗಳಿಗೆ ಇನ್ನೊಂದು ಪ್ರತಿ ಇದೆಯೇ ಎಂದು ನೋಡಿಕೊಂಡರೆ ಈ ಬರಹವು ಸಾರ್ಥಕವಾದೀತು.