ಖಾಲಿ ಸೈಟಿನ ಹಳದಿ ಹೂ: ಬೀಜ ಸಾಸಿವೆಗೆ ಸೇರಿದರೆ ಅಪಾಯ

ಕೆಂಗೇರಿ: ಬೇಸಿಗೆ ಹತ್ತಿರ ಬಂತೆಂದರೆ ಖಾಲಿ ಸೈಟು, ರಸ್ತೆ ಬದಿ, ರೈಲು ಹಳಿ ಪಕ್ಕ ಮೈತುಂಬ ಮುಳ್ಳಿರುವ ಗಿಡವೊಂದು ಹೊಳೆಯುವ ಹಳದಿ ಹೂ ಬಿಡುತ್ತದೆ. ಅದೇ ಅರಿಶಿನ ಉಮ್ಮತ್ತ. ದತ್ತೂರಿ ಗಿಡ ಅಂತಲೂ ಕರೀತಾರೆ. ಮೂಲ ಮೆಕ್ಸಿಕೊ ಕಡೆಯದು. ಎಲೆ ಮೇಲೆ ಬಿಳಿ ಗೆರೆ, ಮುರಿದರೆ ಹಳದಿ ಹಾಲು. ಗುರುತು ಹಿಡಿಯಲು ಇಷ್ಟು ಸಾಕು.

ಹೂ ನೋಡೋಕೆ ಚೆಂದ. ತೊಂದರೆ ಇರೋದು ಬೀಜದಲ್ಲಿ. ಮುಳ್ಳುಕಾಯಿ ಒಣಗಿ ಬಿರಿದಾಗ ಉದುರುವ ಕಪ್ಪು ಬೀಜ ನೋಡಲು ಥೇಟ್ ಸಾಸಿವೆ. ಇದರ ಎಣ್ಣೆಯಲ್ಲಿ ಸಾಂಗ್ವಿನರಿನ್ ಎಂಬ ವಿಷವಿದೆ. ಅಡುಗೆ ಎಣ್ಣೆಗೆ ಬೆರೆತರೆ ಕಾಲು ಊದಿಕೊಳ್ಳುತ್ತೆ, ಉಸಿರಾಟ ಕಷ್ಟವಾಗುತ್ತೆ, ಹೃದಯಕ್ಕೂ ಪೆಟ್ಟು. 1998ರಲ್ಲಿ ದೆಹಲಿಯಲ್ಲಿ ಇಂಥ ಕಲಬೆರಕೆ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು.

ನಮ್ಮಲ್ಲಿ ಸಾಸಿವೆ ಎಣ್ಣೆ ಬಳಕೆ ಕಡಿಮೆ ಇರಬಹುದು. ಆದರೆ ಒಗ್ಗರಣೆಗೆ ಸಾಸಿವೆ ದಿನಾ ಬೇಕು. ಲೂಸ್ ಸಾಸಿವೆ ಮಾರುವ ಅಂಗಡಿಯವರು, ಕೊಳ್ಳುವವರು ಹೀಗೆ ಪರೀಕ್ಷಿಸಬಹುದು:

* ಒಂದು ಹಿಡಿ ಸಾಸಿವೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ. ಸಾಸಿವೆ ನುಣುಪು, ಉಮ್ಮತ್ತದ ಬೀಜ ಒರಟು.
* ಅನುಮಾನ ಬಂದ ಕಾಳನ್ನು ಒತ್ತಿ ಒಡೆಯಿರಿ. ಒಳಗೆ ಹಳದಿ ಇದ್ದರೆ ಸಾಸಿವೆ, ಬಿಳಿ ಇದ್ದರೆ ಉಮ್ಮತ್ತ.

ಸಿಕ್ಕರೆ ಆ ಮೂಟೆ ಮಾರಬೇಡಿ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಎಣ್ಣೆಯನ್ನು ಸೀಲ್ ಇರುವ ಪ್ಯಾಕೆಟ್ಟಿನಲ್ಲೇ ಕೊಳ್ಳಿ.

ನಿಮ್ಮ ಸೈಟಿನಲ್ಲಿ ಈ ಗಿಡ ಇದ್ದರೆ ಕಾಯಿ ಬಲಿಯುವ ಮೊದಲೇ ದಪ್ಪ ಗ್ಲೌಸ್ ಹಾಕಿಕೊಂಡು ಬೇರುಸಹಿತ ಕಿತ್ತುಬಿಡಿ.