ತೋಟದ ಮನೆಯಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ವಿಚಾರ: ನಿಬಂಧನೆಗಳೂ ಅನುಮತಿಪತ್ರವೂ

ಮಲೆನಾಡಿನ ಕಾಫಿಯ ಸೀಮೆಯಲ್ಲಿಯೂ ಕರಾವಳಿಯ ಅಡಕೆ ತೋಟಗಳಲ್ಲಿಯೂ ತುಂಗಭದ್ರೆಯ ದಂಡೆಯ ಬತ್ತದ ಗದ್ದೆಗಳ ನಡುವೆಯೂ 'ಹೋಮ್‌ಸ್ಟೇ' ಎಂಬ ಫಲಕವು ಈಗ ಎಲ್ಲೆಲ್ಲಿಯೂ ಕಾಣಬರುತ್ತಿದೆ. ಮನೆಯ ಕೆಲವು ಕೊಠಡಿಗಳನ್ನು ದಿನದ ಬಾಡಿಗೆಗೆ ಪ್ರವಾಸಿಗರಿಗೆ ಬಿಟ್ಟುಕೊಟ್ಟು ಊಟೋಪಚಾರಗಳನ್ನು ಒದಗಿಸುವ ಈ ಕಸುಬು ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ಹೆಚ್ಚಾಗಿ ಹಬ್ಬಿದ್ದು ೨೦೦೦ನೆಯ ಇಸವಿಯ ಈಚೆಗೆ, ಕಾಫಿಯ ಬೆಲೆಯು ಕುಸಿದು ಬೆಳೆಗಾರರು ಕಷ್ಟಕ್ಕೊಳಗಾಗಿದ್ದ ಕಾಲದಲ್ಲಿ. ಒಂದೇ ಬೆಳೆಯನ್ನು ನಂಬಿದ ಸಂಸಾರಕ್ಕೆ ಇದೊಂದು ಒಳ್ಳೆಯ ಉಪಕಸುಬೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜಮೀನುದಾರರಲ್ಲಿ ಅನೇಕರು ಮೊದಲು ಸಾಲಮಾಡಿ ಕಟ್ಟಡವನ್ನೆಬ್ಬಿಸಿ, ಅತಿಥಿಗಳನ್ನೂ ಇಳಿಸಿಕೊಂಡು, ಆಮೇಲೆ ಕಾಗದಪತ್ರಗಳ ಯೋಚನೆಗೆ ತೊಡಗುತ್ತಾರೆ. ಈ ಕ್ರಮವು ತಲೆಕೆಳಗಾದುದು. ಇದರಿಂದ ಒದಗುವ ನಷ್ಟವು ಎಷ್ಟರದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು.

ಹಂಪಿಗೆ ಎದುರಾಗಿ ತುಂಗಭದ್ರೆಯ ನಡುವೆ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರ ಗಡ್ಡೆಯೆಂಬ ನಡುಗಡ್ಡೆಯಿದೆ. ಹಂಪಿಯ ಸ್ಮಾರಕಗಳು ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶಾಂತರದ ಯಾತ್ರಿಕರು ಹೆಚ್ಚಿದರು. ಗಡ್ಡೆಯ ಗದ್ದೆಗಳ ಅಂಚಿನಲ್ಲಿ ಗುಡಿಸಲುಗಳೂ ಭೋಜನಾಲಯಗಳೂ ಅತಿಥಿಗೃಹಗಳೂ ಒಂದೊಂದಾಗಿ ಎದ್ದವು. ಹಂಪಿ ಪ್ರಾಧಿಕಾರದ ಕಾಯಿದೆಯು ೨೦೦೨ರದಾದರೂ, ಆ ಪ್ರದೇಶವನ್ನು ಸಂರಕ್ಷಿತವೆಂದು ಸಾರಿದ ಸರ್ಕಾರದ ಅಧಿಸೂಚನೆಯು ೧೯೮೮ರಷ್ಟು ಹಿಂದಿನದು. ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. ೨೦೧೫ರಲ್ಲಿ ಹೈಕೋರ್ಟು ಕಟ್ಟಡದವರಿಗೆ ವಿರೋಧವಾಗಿ ತೀರ್ಮಾನಿಸಿತು. ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮುಂದಿನ ತಿಂಗಳಲ್ಲಿಯೇ ಕಟ್ಟಡಗಳು ನೆಲಸಮವಾದವು. ಅಷ್ಟು ವರ್ಷ ನಡೆದು ಬಂದ ಕಸುಬೆಂಬ ವಾದವು ಅಲ್ಲಿ ನಿಲ್ಲಲಿಲ್ಲ. ಕಟ್ಟಡಕ್ಕೆ ಹಾಕಿದ ಹಣವೂ ಹೋಯಿತು, ವ್ಯಾಜ್ಯಕ್ಕೆ ಹಾಕಿದ ಹಣವೂ ಹೋಯಿತು.

ಆದುದರಿಂದ ಈ ಕಸುಬಿಗೆ ಕೈಹಾಕುವವರು ಎಲ್ಲಕ್ಕಿಂತ ಮುಂಚೆ ವಿಚಾರಿಸಬೇಕಾದುದು ನೆಲದ ಸ್ಥಿತಿಯನ್ನು. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನ ಮೇರೆಗೆ, ವ್ಯವಸಾಯದ ಜಮೀನಿನಲ್ಲಿ ವ್ಯವಸಾಯಕ್ಕೆ ಬೇಕಾದ ಮನೆ, ಕಣಜ, ಬಾವಿ ಮುಂತಾದುವನ್ನು ಮಾಡಿಕೊಳ್ಳುವ ಹಕ್ಕು ಹಿಡುವಳಿದಾರನಿಗುಂಟು. ತೋಟದಲ್ಲಿ ತಾನು ವಾಸಮಾಡುವ ಮನೆಯ ಒಂದು ಕೊಠಡಿಯನ್ನು ಅತಿಥಿಗೆ ಬಿಟ್ಟುಕೊಡುವುದು ಬೇರೆ. ಅತಿಥಿಗಳಿಗೆಂದೇ ಗಿಡಗಳನ್ನು ಕಿತ್ತು ಸಾಲಾಗಿ ಕುಟೀರಗಳನ್ನು ಕಟ್ಟುವುದು ಬೇರೆ. ಎರಡನೆಯದು ವ್ಯವಸಾಯದ ಕಟ್ಟಡವೆನಿಸಲಾರದು. ಅದಕ್ಕೆ ಭೂಪರಿವರ್ತನೆಯ ಅನುಮತಿಯನ್ನು ಪಡೆದು, ಆಮೇಲೆ ಕಟ್ಟಡದ ಪರವಾನಗಿಯನ್ನು ಪಡೆಯತಕ್ಕದ್ದು. ಕಾಫಿ, ಏಲಕ್ಕಿ, ಮೆಣಸು ಮುಂತಾದ ತೋಟಗಳ ಒಡೆಯರು ಇನ್ನೊಂದು ವಿಷಯವನ್ನು ಮರೆಯಬಾರದು. ೧೯೬೧ರ ಭೂಸುಧಾರಣೆ ಕಾಯಿದೆಯ ೧೦೪ನೆಯ ಕಲಮು ಪ್ಲಾಂಟೇಷನ್ ಜಮೀನಿಗೆ ಗರಿಷ್ಠ ಮಿತಿಯಿಂದ ವಿನಾಯಿತಿ ಕೊಟ್ಟಿರುವುದು ಅದು ತೋಟವಾಗಿರುವ ಕಾರಣದಿಂದಲೇ. ಬೆಳೆಯನ್ನು ಬಿಟ್ಟು ಬಾಡಿಗೆಯ ಕೋಣೆಗಳನ್ನು ಬೆಳೆಸಹೊರಟವನು ಆ ವಿನಾಯಿತಿಯನ್ನೇ ಪ್ರಶ್ನೆಗೆ ಒಡ್ಡುತ್ತಾನೆ.

ಕೊಡಗಿನಲ್ಲಿ ಒಕ್ಕಕ್ಕೆ ಸೇರಿದ ಜಮ್ಮಾ ಜಮೀನುಗಳಿರುವೆಡೆ ಪಾಲುದಾರರೆಲ್ಲರ ಸಮ್ಮತಿಯನ್ನು ಬರವಣಿಗೆಯಲ್ಲಿ ಪಡೆದಿರುವುದು ಕ್ಷೇಮ. ಅಭಯಾರಣ್ಯಗಳ ಸುತ್ತಲೂ ಪರಿಸರ ಸೂಕ್ಷ್ಮ ವಲಯಗಳೆಂದು ಗೊತ್ತುಮಾಡಿರುವ ಗ್ರಾಮಗಳಲ್ಲಿ, ಉದಾಹರಣೆಗೆ ೨೦೧೨ರಲ್ಲಿ ಬಂಡೀಪುರದ ಸುತ್ತ ಗೊತ್ತಾದ ವಲಯದಲ್ಲಿ, ಸರ್ವೆ ನಂಬರನ್ನು ಹಿಡಿದುಕೊಂಡು ಹೋಗಿ ಅರಣ್ಯ ಇಲಾಖೆಯಲ್ಲಿ ವಿಚಾರಿಸದ ಹೊರತು ಒಂದು ಕಲ್ಲನ್ನೂ ಇಡಬಾರದು.

ಇನ್ನು ಅನುಮತಿಪತ್ರದ ವಿಷಯ. ಹೋಮ್‌ಸ್ಟೇ ಎಂಬುದರ ತಿರುಳೆಲ್ಲ ಅದರ ಹೆಸರಿನಲ್ಲಿಯೇ ಇದೆ: ಅದು ಮನೆ, ಮನೆಯವರು ಅಲ್ಲಿ ವಾಸವಾಗಿರತಕ್ಕದ್ದು. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ಯೋಜನೆಯು ಇಂಥ ಮನೆಗಳನ್ನು ಬೆಳ್ಳಿ, ಚಿನ್ನ ಎಂಬ ಎರಡು ತರಗತಿಗಳಾಗಿ ವಿಂಗಡಿಸಿ, ಆರು ಕೊಠಡಿ ಮತ್ತು ಹನ್ನೆರಡು ಹಾಸಿಗೆಗಳ ಮಿತಿಯನ್ನು ಇಟ್ಟಿತು. ಬೆಂಗಳೂರಿನಲ್ಲಿ ವಾಸಮಾಡುತ್ತ ತೋಟದ ಮನೆಯ ಬೀಗದ ಕೈಯನ್ನು ಒಬ್ಬ ಆಳಿನ ವಶದಲ್ಲಿ ಬಿಟ್ಟು, ಹದಿನೈದು ಕೋಣೆಗಳನ್ನು ಬಾಡಿಗೆಗೆ ಕೊಡುವವನು ಫಲಕದಲ್ಲಿ ಏನನ್ನೇ ಬರೆಸಲಿ, ನಡೆಸುತ್ತಿರುವುದು ವಸತಿಗೃಹವನ್ನು. ಅದರ ನಿಬಂಧನೆಗಳೇ ಬೇರೆ. ನಮ್ಮ ರಾಜ್ಯದಲ್ಲಿ ಪ್ರವಾಸೋದ್ಯಮದ ವ್ಯವಹಾರಗಳ ನಿಯಂತ್ರಣಕ್ಕಾಗಿ ೨೦೧೫ರಲ್ಲಿ ಒಂದು ಕಾಯಿದೆಯಾಗಿದ್ದು, ಈ ಕಸುಬಿನವರು ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕಾಗಿದೆ. ದರ್ಖಾಸ್ತನ್ನು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಸಲ್ಲಿಸತಕ್ಕದ್ದು. ಅದರೊಡನೆ ಮನೆಯ ಹಕ್ಕಿನ ದಾಖಲೆ, ಗ್ರಾಮ ಪಂಚಾಯತಿಯ ನಿರಾಕ್ಷೇಪಣಾ ಪತ್ರ ಮತ್ತು ಪೋಲೀಸಿನವರ ಪರಿಶೀಲನೆಯ ಪತ್ರಗಳು ಇರತಕ್ಕದ್ದು.

ಇಲ್ಲಿ ಗ್ರಾಮದ ಮುಖ್ಯಸ್ಥರಿಗೆ ವಿಶೇಷವಾಗಿ ಅರಿಕೆಮಾಡಬೇಕಾದ ಮಾತೊಂದಿದೆ. ಪಂಚಾಯತಿಯ ನಿರಾಕ್ಷೇಪಣಾ ಪತ್ರವು ಅನುಮತಿಪತ್ರವಲ್ಲ. ಗ್ರಾಮಕ್ಕೆ ತಕರಾರಿಲ್ಲವೆಂಬಷ್ಟನ್ನು ಮಾತ್ರ ಅದು ತಿಳಿಸುತ್ತದೆ. ನೆಲದ ಪರಿವರ್ತನೆಯನ್ನಾಗಲಿ ಇಲಾಖೆಯ ನೋಂದಾವಣೆಯನ್ನಾಗಲಿ ಅದು ದೊರಕಿಸಿಕೊಡಲಾರದು. ಪಂಚಾಯತಿಯ ಮೊಹರನ್ನು ಕಂಡ ಕೂಡಲೇ ಎಲ್ಲವೂ ಮುಗಿಯಿತೆಂದು ಬಗೆದು ಬ್ಯಾಂಕಿನಿಂದ ಸಾಲ ತೆಗೆಯುವ ಬೆಳೆಗಾರನಿಗೆ ಈ ಭೇದವನ್ನು ಬಿಡಿಸಿ ಹೇಳುವ ಹೊಣೆ ಮುಖ್ಯಸ್ಥರದು. ಪತ್ರವನ್ನು ಕೊಡುವ ಮುನ್ನ ಸ್ಥಳವನ್ನು ಕಣ್ಣಾರೆ ನೋಡಿ, ದಾರಿ, ನೀರು, ಕೊಳೆನೀರಿನ ಹೊರಹರಿವು, ನೆರೆಯವರ ತಕರಾರು ಇವುಗಳನ್ನು ವಿಚಾರಿಸತಕ್ಕದ್ದು. ಬಂಧುವೆಂದು ಒಬ್ಬನಿಗೆ ಕೊಟ್ಟು, ಹಗೆಯೆಂದು ಇನ್ನೊಬ್ಬನಿಗೆ ನಿರಾಕರಿಸುವುದರಿಂದ ಊರಿನಲ್ಲಿ ಕಕ್ಷಿಗಳು ಬೆಳೆಯುವುವಲ್ಲದೆ ಬೇರೆ ಫಲವಿಲ್ಲ.

ಅತಿಥಿಗಳ ದಾಖಲೆಯ ಪುಸ್ತಕವನ್ನು ಹಲವರು ಬರಿಯ ತೊಡಕೆಂದು ಭಾವಿಸುತ್ತಾರೆ. ಬಂದವನ ಹೆಸರು, ಊರು, ಗುರುತಿನ ಪತ್ರ, ವಾಹನದ ನಂಬರು, ಬಂದ ಮತ್ತು ಹೋದ ವೇಳೆ ಇಷ್ಟನ್ನು ಬರೆದು ರುಜು ಪಡೆಯುವುದಕ್ಕೆ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ. ವಿದೇಶೀಯರು ಬಂದರೆ ಅವರ ವಿವರವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಸರ್ಕಾರಕ್ಕೆ ತಿಳಿಸಲೇಬೇಕು. ಈ ಕಟ್ಟಳೆಯು ಹಿಂದೆ ೧೯೪೬ರ ವಿದೇಶೀಯರ ಕಾಯಿದೆಯ ಕಾಲದಲ್ಲಿಯೂ ಇತ್ತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿರುವ ಹೊಸ ಕಾಯಿದೆಯಲ್ಲಿಯೂ ಇದೆ. ೨೦೨೫ರ ಮಾರ್ಚಿಯಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ, ರಾತ್ರಿಯ ಹೊತ್ತು ಕಾಲುವೆಯ ದಂಡೆಗೆ ಹೋಗಿದ್ದ ಅತಿಥಿಗಳ ಮೇಲೆಯೂ ಮನೆಯೊಡತಿಯ ಮೇಲೆಯೂ ದುಷ್ಕರ್ಮಿಗಳು ಘೋರ ಕೃತ್ಯವನ್ನೆಸಗಿ, ಅತಿಥಿಗಳಲ್ಲಿ ಒಬ್ಬನು ಪ್ರಾಣವನ್ನೇ ಕಳೆದುಕೊಂಡನು. ತಪ್ಪು ದುಷ್ಕರ್ಮಿಗಳದೇ ಹೊರತು ಅತಿಥಿಗಳದಾಗಲಿ ಮನೆಯವರದಾಗಲಿ ಅಲ್ಲ. ಆದರೂ ಪರಸ್ಥಳದವರಿಗೆ ಊರಿನ ದಾರಿಯ ಅಪಾಯಗಳು ತಿಳಿದಿರುವುದಿಲ್ಲ. ಕತ್ತಲಾದ ಮೇಲೆ ಯಾವ ಕಡೆ ಹೋಗಬಾರದು, ಆನೆಯ ಸಂಚಾರ ಎಲ್ಲಿ, ಹೊಳೆಯ ಸೆಳೆತ ಎಲ್ಲಿ ಎಂಬುದನ್ನು ಬಂದ ದಿನವೇ ತಿಳಿಸಿ, ಪೋಲೀಸ್ ಠಾಣೆಯ ದೂರವಾಣಿಯ ಸಂಖ್ಯೆಯನ್ನು ಕೋಣೆಯಲ್ಲಿ ಬರೆದು ತೂಗುಹಾಕತಕ್ಕದ್ದು.

ಇಂಥ ಕಟ್ಟುಪಾಡುಗಳು ಹೊಸವೆಂದು ಗೊಣಗುವವರಿಗೆ ೧೮೬೭ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆದ ಸರಾಯ್ ಕಾಯಿದೆಯನ್ನು ತೋರಿಸಬಹುದು. (ಹೆಸರು ಕೇಳಿ ಅಬ್ಕಾರಿಯ ಕಾಯಿದೆಯೆಂದು ತಿಳಿಯಬಾರದು, ಸರಾಯ್ ಎಂದರೆ ದಾರಿಹೋಕರು ತಂಗುವ ಮನೆ.) ತಂಗುಮನೆಯನ್ನು ನೋಂದಾಯಿಸುವುದು, ಕೋಣೆ ಬಾವಿ ಚರಂಡಿಗಳನ್ನು ಚೊಕ್ಕಟವಾಗಿಡುವುದು, ಕಾವಲುಗಾರರನ್ನಿಡುವುದು, ಬಾಡಿಗೆಯ ದರಪಟ್ಟಿಯನ್ನು ಕಾಣುವಂತೆ ಹಾಕುವುದು, ಅಂಟುರೋಗವನ್ನು ಠಾಣೆಗೆ ತಿಳಿಸುವುದು, ಇವೆಲ್ಲವೂ ಅದರಲ್ಲಿಯೇ ಉಂಟು.

ಚೊಕ್ಕಟದ ವಿಷಯದಲ್ಲಿ ಮಲೆನಾಡಿನವರು ವಿಶೇಷ ಎಚ್ಚರಿಕೆಯಿಂದಿರಬೇಕು. ಶೌಚದ ಗುಂಡಿಯು ಕುಡಿಯುವ ನೀರಿನ ಬಾವಿಗಿಂತ ಕೆಳಗಡೆ ಇರತಕ್ಕದ್ದು. ಅವೆರಡರ ನಡುವೆ ಐವತ್ತು ಅಡಿಗಳಾದರೂ ಅಂತರವಿರಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ನಾಲ್ಕು ಜನರ ಮನೆಗೆ ತೋಡಿದ ಗುಂಡಿಯು ವಾರದ ಕೊನೆಯಲ್ಲಿ ಹದಿನಾರು ಜನರನ್ನು ತಾಳಲಾರದು. ಕಾರುಗಳು ನಿಲ್ಲುವುದಕ್ಕೆಂದು ಇಳಿಜಾರನ್ನು ಕಡಿದು ಮಟ್ಟಮಾಡುವುದು ಇನ್ನೂ ಅಪಾಯಕರ. ೨೦೧೮ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಕೊಚ್ಚಿಹೋದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ನಾನದ ಕೋಣೆಗಳಲ್ಲಿ ಗ್ಯಾಸಿನ ಗೀಸರನ್ನು ಕೂಡಿಸುವ ರೂಢಿಯು ಹೆಚ್ಚಿದೆ. ಗಾಳಿಯಾಡದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯು ತುಂಬಿಕೊಳ್ಳುತ್ತದೆ; ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವನು ಹಿಂದಿರುಗುವುದಿಲ್ಲ. ಈ ಉಪಕರಣವನ್ನು ಗೋಡೆಯ ಹೊರಗಡೆ, ಬಯಲುಗಾಳಿಯಲ್ಲಿಯೇ ಕೂಡಿಸತಕ್ಕದ್ದು. ನಮ್ಮ ಹಳೆಯ ಹಂಡೆಯ ಒಲೆಯು ಇದಕ್ಕಿಂತ ಎಷ್ಟೋ ಮೇಲು. ಪಟ್ಟಣದ ಅತಿಥಿಗಳೂ ಅದನ್ನೇ ಮೆಚ್ಚುತ್ತಾರೆ.

ಅಡಿಗೆಮನೆಗೆ ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ನೋಂದಾವಣೆ ಬೇಕು. ಅಬ್ಕಾರಿ ಲೈಸೆನ್ಸಿಲ್ಲದೆ ಅತಿಥಿಗಳಿಗೆ ಮದ್ಯವನ್ನು ಮಾರಕೂಡದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ೨೦೦೦ದ ಶಬ್ದಮಾಲಿನ್ಯದ ನಿಯಮಗಳು ನಿಷೇಧಿಸಿವೆ.

ತೆರಿಗೆಯ ವಿಷಯದಲ್ಲಿ ಭಯಕ್ಕಿಂತ ಲೆಕ್ಕ ಮುಖ್ಯ. ಸೇವೆಗಳ ವಾರ್ಷಿಕ ವಹಿವಾಟು ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿದರೆ ಜಿಎಸ್‌ಟಿ ನೋಂದಾವಣೆ ಅವಶ್ಯಕ. ದಿನಕ್ಕೆ ೭,೫೦೦ ರೂಪಾಯಿಗಳವರೆಗಿನ ಕೊಠಡಿಗಳಿಗೆ ಶೇಕಡ ೧೨ರಷ್ಟಿದ್ದ ದರವು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡ ೫ಕ್ಕೆ ಇಳಿಯಿತು. ಆ ಮಿತಿಯೊಳಗಿರುವ ಸಣ್ಣವರು ಮೊಬೈಲಿನ ಬುಕಿಂಗ್ ಕಂಪೆನಿಗಳ ಮೂಲಕ ಕೋಣೆ ಕೊಟ್ಟರೆ, ಆ ತೆರಿಗೆಯನ್ನು ಕಟ್ಟುವ ಹೊಣೆ ಕಂಪೆನಿಯದು. ಅಲ್ಲಿ ಹಿಡಿದುಕೊಂಡ ಮೊಬಲಗು, ಕೈಗೆ ಬಂದ ಮೊಬಲಗು, ಹಾಸಿಗೆ, ಅಡಿಗೆ, ದುರಸ್ತಿಗಳ ಖರ್ಚು ಇವುಗಳಿಗೆ ತೋಟದ ಲೆಕ್ಕದಿಂದ ಬೇರೆಯಾದ ಪುಸ್ತಕವನ್ನಿಡತಕ್ಕದ್ದು. ಕೋಣೆಯ ಬಾಡಿಗೆಯು ವ್ಯವಸಾಯದ ವರಮಾನವಲ್ಲ. ಅದನ್ನು ಕಾಫಿಯ ಹುಟ್ಟುವಳಿಯೊಡನೆ ಬೆರೆಸಿ ತೋರಿಸುವುದು ತೊಂದರೆಗೆ ದಾರಿ.

ಕಾಫಿ ಕೊಯ್ಲಿನ ಕಾಲವೂ ಡಿಸೆಂಬರ್, ಜನವರಿ ತಿಂಗಳ ಅತಿಥಿಗಳ ಸಂದಣಿಯೂ ಒಟ್ಟಿಗೇ ಬರುತ್ತವೆ. ಕೊಯ್ಲಿನ ಆಳುಗಳನ್ನು ಕೋಣೆ ಗುಡಿಸುವುದಕ್ಕೆ ಕರೆದೊಯ್ದರೆ ಹಣ್ಣು ಗಿಡದಲ್ಲಿಯೇ ಒಣಗಿ ಉದುರುತ್ತದೆ. ಆ ಎರಡು ತಿಂಗಳು ಎಷ್ಟು ಕೋಣೆಗಳನ್ನು ನಡೆಸಲು ಮನೆಯವರಿಂದಲೇ ಆಗುವುದೋ ಅಷ್ಟಕ್ಕೆ ಮಾತ್ರ ದರ್ಖಾಸ್ತು ಹಾಕುವುದು ಯುಕ್ತ. ಪಂಚಾಯತಿಯವರೂ ತಾವು ಕೊಟ್ಟ ಪ್ರತಿಯೊಂದು ನಿರಾಕ್ಷೇಪಣಾ ಪತ್ರವನ್ನು ಸರ್ವೆ ನಂಬರು, ಕೋಣೆಗಳ ಸಂಖ್ಯೆ ಮತ್ತು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ನಮೂದಿಸಿ, ಅದರ ನಕಲನ್ನು ಠಾಣೆಗೂ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೂ ಕಳುಹಿಸತಕ್ಕದ್ದು.